ಅಗಸಿ ಎಣ್ಣೆಯಲ್ಲಿ ಕಡಲು

ಅಥಣಿ, ರಾಯಬಾಗದ ಕಡೆ ಅಗಸಿ ಎಂದೊಡನೆ ನೆನಪಾಗುವುದು ರೊಟ್ಟಿಯ ಜೊತೆಗಿನ ಚಟ್ನಿ ಪುಡಿ. ಅದೇ ಕಾಳಿನ ಎಣ್ಣೆ ಚಿತ್ರಕಾರರ ಪೆಟ್ಟಿಗೆಯಲ್ಲಿ ‘ಲಿನ್ಸೀಡ್ ಆಯಿಲ್’ ಆಗುತ್ತದೆ. ಯುರೋಪಿನ ಕಲಾವಿದರು ಶತಮಾನಗಳಿಂದ ಬಣ್ಣದ ಪುಡಿಯನ್ನು ಅರೆಯುತ್ತ ಬಂದದ್ದು ಮುಖ್ಯವಾಗಿ ಇದರಲ್ಲಿ. ಬಿಳಿ ಬಣ್ಣ ಹಳದಿಗೆ ತಿರುಗಬಾರದೆಂದು ಕೆಲವು ತಯಾರಕರು ಬಳಸುವ ಕುಸುಬಿ ಎಣ್ಣೆಯೂ ಇಲ್ಲಿನ ಹಿಂಗಾರಿ ಹೊಲಗಳಿಗೆ ಹೊಸದಲ್ಲ. ಅಂದರೆ ತೈಲವರ್ಣದ ಎಣ್ಣೆ ಈ ಸೀಮೆಗೆ ಪರಿಚಿತವೇ. ಇಲ್ಲದಿರುವುದು ಕಡಲು.

ಹಾಗೆಂದು ಕಡಲೇನೂ ಬೆಂಗಳೂರಿನಷ್ಟು ದೂರವಿಲ್ಲ. ನಿಪ್ಪಾಣಿಯಿಂದ ರಾಧಾನಗರಿ, ಫೋಂಡಾ ಘಾಟ್ ದಾಟಿದರೆ ದೇವಗಡದ ದಂಡೆ. ಚಿತ್ರಕಲೆಯಲ್ಲಿಯೂ ಈ ಭಾಗ ಮೊದಲಿನಿಂದ ನೋಡಿದ್ದು ಕೊಲ್ಹಾಪುರ, ಬೆಳಗಾವಿ, ಮುಂಬೈಗಳ ಕಡೆಗೆ. ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರ ಬಳಿ ಕಲಿತು ಮುಂದೆ ಪುಣೆಯಲ್ಲಿ ಹೆಸರಾದ ರವಿ ಪರಾಂಜಪೆ (1935–2022) ಅವರ ಉದಾಹರಣೆ ಇದೆ. ನಿಪ್ಪಾಣಿಯ ನೆರೆಯ ಕೊಲ್ಹಾಪುರದಲ್ಲಿ ಆಬಾಲಾಲ್ ರಹಿಮಾನ್ ಇದ್ದರು. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಶಾಹೂ ಮಹಾರಾಜರ ಆಶ್ರಯ ಪಡೆದು, ಕೋಟಿತೀರ್ಥ ಕೆರೆಯ ದಂಡೆಯಲ್ಲಿ ಬದುಕಿದ ಅವರು 1931ರಲ್ಲಿ ತೀರಿಕೊಂಡರು. ನೀರಿನ ಮೇಲಿನ ಬೆಳಕನ್ನು ಬಿಡದೆ ಬೆನ್ನಟ್ಟಿದ ಆ ಮನುಷ್ಯ ನಿಸರ್ಗಚಿತ್ರಗಳಿಗೆ ಹೆಚ್ಚಾಗಿ ನೆಚ್ಚಿಕೊಂಡದ್ದು ಎಣ್ಣೆಯನ್ನಲ್ಲ, ಜಲವರ್ಣವನ್ನು.

ಬೆಳಕನ್ನು ಬೆನ್ನಟ್ಟುವವನಿಗೆ ಜಲವರ್ಣ ಅನುಕೂಲ. ನೀರು ಆವಿಯಾಗಿ ಹೋಗುತ್ತದೆ, ಬಣ್ಣ ನಿಮಿಷಗಳಲ್ಲಿ ಒಣಗುತ್ತದೆ. ಅಗಸಿ ಎಣ್ಣೆ ಹಾಗೆ ಆರುವುದೇ ಇಲ್ಲ. ಅದು ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಬಾಡಿಗೆ ಎಣ್ಣೆ ಆರಲಿಲ್ಲವೆಂದು ಬಿಸಿಲಿಗಿಟ್ಟು ಅವಸರ ಮಾಡಿದರೆ ಮೇಲೆ ಕೆನೆ ಕಟ್ಟೀತು, ಒಳಗೆ ಹಸಿಯಾಗಿಯೇ ಉಳಿದೀತು. ಕಂದು ಅಂಬರ್ ಒಂದೆರಡು ದಿನಕ್ಕೆ ಒಣಗಿದರೆ ಕ್ಯಾಡ್ಮಿಯಂ ಹಳದಿ, ಟೈಟಾನಿಯಂ ಬಿಳಿ ವಾರಗಟ್ಟಲೆ ಕಾಯಿಸುತ್ತವೆ. ಕಡಲಿನ ಚಿತ್ರದಲ್ಲಿ ನೊರೆಗೂ ಮೋಡಕ್ಕೂ ಬೇಕಾದದ್ದು ಆ ಬಿಳಿಯೇ!

ಎದುರಿಗಿರುವ ಸಮುದ್ರಕ್ಕೋ ಈ ವ್ಯವಧಾನವಿಲ್ಲ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು ಆರು ಗಂಟೆ ಎಂದರೂ, ಒದ್ದೆ ಮರಳಿನ ಮೇಲಿನ ಹೊಳಪು ಅರ್ಧ ಗಂಟೆಯೂ ಒಂದೇ ರೀತಿ ನಿಲ್ಲದು. ಹಸಿ ನೀಲಿಯ ಮೇಲೆ ಬಿಳಿ ನೊರೆ ಹಚ್ಚಹೋದರೆ ಎರಡೂ ಕಲೆತು ಬೂದಿಯಾಗುತ್ತದೆ. ಒಣಗಲೆಂದು ಬಿಟ್ಟು ಮರುದಿನ ಬಂದರೆ ಅದು ಬೇರೆಯೇ ಕಡಲು. ಫ್ರಾನ್ಸಿನ ಕ್ಲಾಡ್ ಮೋನೆ ಇದಕ್ಕೆ ಕಂಡುಕೊಂಡ ದಾರಿಯೆಂದರೆ ಏಕಕಾಲಕ್ಕೆ ಹಲವು ಕ್ಯಾನ್ವಾಸುಗಳನ್ನು ಹೊತ್ತುಕೊಂಡು ಹೋಗಿ, ಬೆಳಕು ಬದಲಾದಂತೆ ಕ್ಯಾನ್ವಾಸನ್ನೂ ಬದಲಿಸುವುದು. 1885ರ ನವೆಂಬರಿನಲ್ಲಿ ಎತ್ರೆತಾದ ಬಂಡೆಗಳ ಬುಡದಲ್ಲಿ ಉಬ್ಬರದ ವೇಳೆಯನ್ನು ತಪ್ಪಾಗಿ ಲೆಕ್ಕಹಾಕಿ, ಅಲೆಯೊಂದು ಅವನನ್ನು ಬಂಡೆಗೆ ಅಪ್ಪಳಿಸಿ, ಚಿತ್ರದ ಸ್ಟ್ಯಾಂಡು, ಬಣ್ಣಗಳ ಸಮೇತ ಎಳೆದೊಯ್ದಿತ್ತು. ಜೀವ ಉಳಿದದ್ದೇ ಹೆಚ್ಚು. 1870ರಲ್ಲಿ ಅವನು ತ್ರೂವಿಲ್ ದಂಡೆಯಲ್ಲಿ ಬರೆದ ಚಿತ್ರವೊಂದು ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಬಣ್ಣದಲ್ಲಿ ಅಂದು ಗಾಳಿಗೆ ಹಾರಿಬಂದ ಮರಳಿನ ಕಣಗಳು ಇಂದಿಗೂ ಅಂಟಿಕೊಂಡಿವೆ.

ದಂಡೆಯಲ್ಲಿ ನಿಂತು ತೈಲವರ್ಣ ಬಳಸುವುದು ಸುಲಭವಾದದ್ದೇ 1841ರ ನಂತರ, ಲಂಡನ್ನಿನಲ್ಲಿದ್ದ ಅಮೆರಿಕದ ಜಾನ್ ಗಾಫ್ ರ‍್ಯಾಂಡ್ ತವರದ ಟ್ಯೂಬು ಕಂಡುಹಿಡಿದ ಮೇಲೆ. ಅದಕ್ಕೆ ಮುಂಚೆ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ತುಂಬಿಡುತ್ತಿದ್ದರು.

ಬಯಲುಸೀಮೆಯ ಕಣ್ಣಿಗೆ ಇನ್ನೂ ಒಂದು ತೊಡಕಿದೆ. ಅಥಣಿಯ ಎರೆಹೊಲದಲ್ಲಿ ಒಣಹವೆಯ ದಿನ ದೂರದ ಮರವೂ ಗೆರೆ ಕೊರೆದಂತೆ ಕಾಣುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಹತ್ತಿರದ ಗುಡ್ಡವೇ ಮಸುಕು. ಮನೆಯ ಅಭ್ಯಾಸದಂತೆ ಗೆರೆ ತೀಡಿದರೆ ದೂರದ ದಿಬ್ಬ ಮುಂದೆ ನುಗ್ಗಿ ಬಂದು ಕಡಲು ಕೆರೆಯಾಗುತ್ತದೆ. ದಿಗಂತದ ಗೆರೆ ಕೂದಲೆಳೆಯಷ್ಟು ವಾಲಿದರೂ ನೀರು ಒಂದು ಬದಿಗೆ ಚೆಲ್ಲಿದ ಹಾಗೆ. ಜೊತೆಗೆ ಬಿಸಿಲಿಗೆ ಹೊಳೆಯುವ ಬಿಳಿ ಕ್ಯಾನ್ವಾಸು ಕಣ್ಣನ್ನು ಮೋಸಗೊಳಿಸುತ್ತದೆ. ಅಲ್ಲಿ ಸರಿಯೆನಿಸಿದ ಬಣ್ಣ ಮನೆಯ ಪಡಸಾಲೆಯಲ್ಲಿ ಕಪ್ಪಗೆ ಕಾಣುತ್ತದೆ. ಕೊಡೆಯ ನೆರಳಿಲ್ಲದೆ ಕೂತವರೆಲ್ಲ ಒಮ್ಮೆಯಾದರೂ ಈ ಪಾಠ ಕಲಿಯಲೇಬೇಕು. ನದಿಯ ದಂಡೆಯ ಅಭ್ಯಾಸ ಇಲ್ಲಿ ಸ್ವಲ್ಪ ಕೈಹಿಡಿದೀತು. ಕುಡಚಿ, ಯಡೂರಿನಲ್ಲಿ ಕೃಷ್ಣೆಯ ಮೇಲೆ ಬೀಳುವ ಸಂಜೆಯ ಆಕಾಶವೂ ಅಷ್ಟೇ ಬೇಗ ಬಣ್ಣ ಬದಲಿಸುತ್ತದೆ. ಆದರೆ ಕೃಷ್ಣೆಗೆ ಎದುರು ದಡವಿದೆ, ಕಣ್ಣಿಗೆ ಒಂದು ಆಸರೆ ಸಿಗುತ್ತದೆ. ಕಡಲಿಗೆ ಅದಿಲ್ಲ.

ಇಷ್ಟೆಲ್ಲ ಏಕೆ, ಮನೆಯಲ್ಲಿ ಕೂತು ಬರೆಯಬಾರದೇ? ಬರೆಯಬಹುದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರಾಜಾ ರವಿವರ್ಮನ ಚಿತ್ರ, ರಾಮ ಬಿಲ್ಲೆತ್ತಿ ಸಮುದ್ರರಾಜನ ಗರ್ವ ಇಳಿಸುವ ದೃಶ್ಯ, ಕ್ಯಾಲೆಂಡರುಗಳಿಂದ ಎಲ್ಲರಿಗೂ ಗೊತ್ತು. ಅಂಥ ದೊಡ್ಡ ತೈಲಚಿತ್ರ ದಂಡೆಯಲ್ಲಿ ನಿಂತು ಮುಗಿಸುವಂಥದ್ದಲ್ಲ. ಅಲೆಯನ್ನು ಬಹಳ ಹೊತ್ತು ನೋಡಿ, ಚಿಕ್ಕ ಹಲಗೆಯ ಮೇಲೆ ಬಣ್ಣವನ್ನಷ್ಟೇ ಗುರುತು ಹಾಕಿಕೊಂಡು, ಉಳಿದದ್ದನ್ನು ಕೋಣೆಯಲ್ಲಿ ಪದರ ಪದರವಾಗಿ ಕಟ್ಟುವುದು ಹಳೆಯ ಕ್ರಮ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು. ಇದು ತಿರುವುಮುರುವಾದರೆ ಮೇಲಿನ ಬಣ್ಣ ಬಿರುಕು ಬಿಡುತ್ತದೆ. ಫೋಟೋ ನೋಡಿ ಬರೆಯುವುದು ಇನ್ನೂ ಸಲೀಸು, ಆದರೆ ಕ್ಯಾಮೆರಾ ಅಲೆಯನ್ನು ಹೆಪ್ಪುಗಟ್ಟಿಸಿಬಿಡುತ್ತದೆ. ಚಿತ್ರದಲ್ಲಿಯೂ ಅದು ಗಾಜಿನ ಅಲೆಯಾಗಿಯೇ ಉಳಿಯುತ್ತದೆ.

ದಂಡೆಯಲ್ಲಿ ಬರೆದದ್ದನ್ನು ಊರಿಗೆ ತರುವುದೂ ಸಣ್ಣ ಕೆಲಸವಲ್ಲ. ಎರಡು ಹಸಿ ಕ್ಯಾನ್ವಾಸುಗಳನ್ನು ಮುಖಾಮುಖಿಯಾಗಿಟ್ಟು, ಮೂಲೆಗಳಲ್ಲಿ ಮರದ ಚೂರು ಕೊಟ್ಟು ಕಟ್ಟಿ ಘಾಟಿ ಏರಬೇಕು. ಬಟ್ಟೆಗೆ ಮೊದಲೇ ಅಂಟು ಹಚ್ಚಿರದಿದ್ದರೆ ಎಣ್ಣೆ ಇಳಿದು ಬಟ್ಟೆಯನ್ನೇ ಕೊಳೆಸುತ್ತದೆ. ಹಚ್ಚಿದ ಅಂಟು ಪ್ರಾಣಿಜನ್ಯವಾಗಿದ್ದರೆ ಮಳೆಗಾಲದ ತೇವ ಹೀರಿ ಕ್ಯಾನ್ವಾಸು ಹಿಗ್ಗುವುದು ಕುಗ್ಗುವುದು ನಡೆದೇ ಇರುತ್ತದೆ. ಮನೆಗೆ ಬಂದ ಚಿತ್ರವನ್ನು ಕತ್ತಲ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟರೆ ಅಗಸಿ ಎಣ್ಣೆ ಹಳದಿಗೆ ತಿರುಗಿ ನೀಲಿ ಕಡಲು ಹಸಿರಾಗಿ ಕಾಣತೊಡಗುತ್ತದೆ. ಬೆಳಕಿಗೆ ತಂದಿಟ್ಟರೆ ಆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ವಾರ್ನಿಷ್ ಹಚ್ಚಲು ಮಾತ್ರ ಆರು ತಿಂಗಳಿಂದ ಒಂದು ವರ್ಷ ಕಾಯಬೇಕು. ಈ ಬೇಸಿಗೆಯ ದೇವಗಡ ಗೋಡೆಗೇರುವುದು ಮುಂದಿನ ಅಗಸಿ ರಾಶಿಯ ಹೊತ್ತಿಗೆ.