ಕಂಠ ಬಿಗಿದಾಗ ಕೂಡಿ ಹಾಡಿದರು

ಅಬರ್‌ವಾನ್ ಆಗ ವೇಲ್ಸ್ ನಾಡಿನ ಒಂದು ಕಲ್ಲಿದ್ದಲ ಗಣಿಯ ಹಳ್ಳಿಯಾಗಿತ್ತು. 1966ರ ಅಕ್ಟೋಬರ್ 21ರ ಬೆಳಿಗ್ಗೆ, ಬೆಟ್ಟದ ಮೇಲೆ ಸುರಿದಿದ್ದ ಗಣಿಯ ಕಸದ ರಾಶಿಯು ನೀರುಂಡು, ಕೆಸರಾಗಿ ಜಾರಿ ಶಾಲೆಯ ಮೇಲೆ ಕುಸಿಯಿತು. ಮಡಿದವರು 144 ಮಂದಿ. ಅವರಲ್ಲಿ 116 ಮಂದಿ ಮಕ್ಕಳು.

ಬೆಥಾನಿಯಾ ಎಂಬ ಪ್ರಾರ್ಥನಾಮಂದಿರವೇ ಶವಾಗಾರವಾಯಿತು. ಭಾನುವಾರಗಳಂದು ಕುಳಿತು ಹಾಡುತ್ತಿದ್ದ ಬೆಂಚುಗಳ ಮೇಲೆ ಮಕ್ಕಳ ದೇಹಗಳನ್ನು ಮಲಗಿಸಿ ಕಂಬಳಿ ಹೊದಿಸಿದರು. ಹೆತ್ತವರು ಹೊರಗೆ ಸಾಲುಗಟ್ಟಿ ನಿಂತು, ಸರದಿ ಬಂದಾಗ ಒಳಹೊಕ್ಕು ತಮ್ಮ ಕೂಸನ್ನು ಗುರುತಿಸಬೇಕಾಯಿತು.

ಅಕ್ಟೋಬರ್ 27ರಂದು ಇಳಿಜಾರಿನ ಸ್ಮಶಾನದಲ್ಲಿ ಸಾಮೂಹಿಕ ಸಂಸ್ಕಾರ. ಹೂಮಾಲೆಗಳಿಂದ ರಚಿಸಿದ ಭಾರಿ ಶಿಲುಬೆಯ ಮುಂದೆ ಸಹಸ್ರಾರು ಜನ ಚಾರ್ಲ್ಸ್ ವೆಸ್ಲಿಯ ಕೀರ್ತನೆಯನ್ನು ಹಾಡಿದರು. ನೆರೆಯ ಮರ್ಥರ್ ಪಟ್ಟಣದಲ್ಲಿ ಜನಿಸಿದ ಜೋಸೆಫ್ ಪ್ಯಾರಿಯ ಧಾಟಿಯಲ್ಲಿ ಅದನ್ನು ಹಾಡುವುದು ವೇಲ್ಸಿನ ವಾಡಿಕೆ. ಬಾಲ್ಯದಿಂದಲೇ ನಾಲ್ಕು ಸ್ವರಭಾಗಗಳಲ್ಲಿ ಕೂಡಿ ಹಾಡಲು ಕಲಿತ ಜನ ಅವರು. ಒಬ್ಬಂಟಿಯ ಪ್ರಾರ್ಥನೆಯಲ್ಲಿ ಮಾತು ನಿಂತರೆ ನಿಂತೇ ಹೋಯಿತು, ಸಭೆಯಲ್ಲಿ ಹಾಗಲ್ಲ. ತಾಯಿಯೊಬ್ಬಳ ಕಂಠ ಬಿಗಿದಲ್ಲಿ ನೆರೆಯವಳು ಪದವನ್ನೆತ್ತಿಕೊಳ್ಳುವಳು. ಅವಳೂ ಸೋತಲ್ಲಿ ಹಿಂದಿನ ಸಾಲಿನ ಗಂಡುದನಿಗಳು.

ಹಾಡು ದುಃಖವನ್ನು ತೊಳೆಯಿತೆನ್ನಲಾಗದು. ಆ ಹಳೆಯ ಮಂದಿರದಲ್ಲಿ ಮತ್ತೆ ಕೂಡಿ ಹಾಡಲು ಸಭೆಗೆ ಮನಸ್ಸು ಬರಲಿಲ್ಲ. ಅದನ್ನು ಕೆಡವಿದರು. 1970ರಲ್ಲಿ ಹೊಸ ಬೆಥಾನಿಯಾ ಎದ್ದಿತು.