ಹಳೇ ಸಿಮೆಂಟ್ ಶೀಟು ಕೆರೆಯಬಹುದೇ?

ಪ್ರಶ್ನೆ: ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಮನೆಗೆ ಅಪ್ಪನ ಕಾಲದ ಸಿಮೆಂಟ್ ಶೀಟು. ಒಳಮೈ ಪುಡಿ ಉದುರುತ್ತಿದೆ. ಕೆರೆದು ಬಣ್ಣ ಹೊಡೆಸಬಹುದೇ?

ಉತ್ತರ: ಕೆರೆಯಲೇಬೇಡಿ. ಅಂಥ ಹಳೆಯ ಶೀಟಿನಲ್ಲಿ ಸಾಮಾನ್ಯವಾಗಿ ಹತ್ತರಲ್ಲೊಂದು ಪಾಲು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಶೀಟು ಗಟ್ಟಿಯಾಗಿದ್ದರೆ ಅಪಾಯ ಕಡಿಮೆ. ಕೆರೆದಾಗ, ಕೊರೆದಾಗ, ಒಡೆದಾಗ ಕಣ್ಣಿಗೆ ಕಾಣದ ಎಳೆಗಳು ಏಳುತ್ತವೆ; ಶ್ವಾಸಕೋಶದ ಆಳ ಹೊಕ್ಕವು ಅಲ್ಲೇ ಉಳಿಯುತ್ತವೆ. ಕ್ಯಾನ್ಸರ್ ತಲೆಯೆತ್ತಲು 20ರಿಂದ 40 ವರ್ಷ ಬೇಕಾಗಬಹುದು. ಹಾಗಾಗಿಯೇ ಯಾರೂ ಶೀಟನ್ನು ದೂರುವುದಿಲ್ಲ. ಬ್ರಿಟನ್ 1999ರಲ್ಲೇ ನಿಷೇಧಿಸಿದ ಬಿಳಿ ಕಲ್ನಾರನ್ನು ನಾವು ಇನ್ನೂ ರಷ್ಯಾದಿಂದ ತರಿಸುತ್ತಿದ್ದೇವೆ!

ಬಳ್ಳಾರಿ ಬಿಸಿಲಿಗೆ ಫಾಲ್ಸ್ ಸೀಲಿಂಗ್ ಹಾಕಿಸುವವರು ಶೀಟಿಗೆ ತೂತು ಹೊಡೆಯದೆ ಗೋಡೆಗೋ ಕಬ್ಬಿಣದ ಪೈಪಿಗೋ ಬಿಗಿಸಲಿ. ನಿಮ್ಮದು ಉದುರುತ್ತಿರುವುದರಿಂದ ಬದಲಿಸುವುದೇ ಸರಿ. ನೀರು ಚಿಮುಕಿಸಿ, ಹುಕ್ಕಿನ ನಟ್ಟು ಬಿಚ್ಚಿ, ಒಡೆಯದಂತೆ ಇಡಿಯಾಗಿ ಇಳಿಸಬೇಕು. ಕೆಲಸದವರು ಮುಖಕ್ಕೆ ಟವೆಲು ಸುತ್ತಿಕೊಂಡರೆ ಸಾಲದು, ಸೂಕ್ಷ್ಮ ಧೂಳು ತಡೆಯುವ ಮಾಸ್ಕ್ ಕೊಡಿಸಿ. ಬಿದ್ದ ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಚೂರುಗಳ ಜೊತೆ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಎಲ್ಲಿಗೆ ಹಾಕಬೇಕೆಂದು ಪಾಲಿಕೆಯವರನ್ನು ಕೇಳಿ. ಇಳಿಸಿದ ಶೀಟನ್ನು ಕೋಳಿಗೂಡಿಗೆಂದು ಯಾರಾದರೂ ಕೇಳಿದರೂ ಕೊಡಬೇಡಿ.