ಅಂಗಳದ ಕಸ: ಯುಗಾದಿಯಿಂದ ಮಿರಗದ ತನಕ

ಯುಗಾದಿ ಮುಗಿದು ಹೊಲದ ಕೆಲಸ ಹಗುರಾಗುವ ದಿನಗಳಿವು. ಅಕ್ಕಲಕೋಟ, ಜತ್ತ, ದಕ್ಷಿಣ ಸೋಲಾಪುರ ಕಡೆಯ ನಮ್ಮ ಹಳ್ಳಿಗಳಲ್ಲಿ ಜೋಳದ ರಾಶಿ ಆಗಿದೆ, ಕಡಲೆ ಅಡತಿಗೆ ಹೋಗಿದೆ, ಬಿಸಿಲು ನೆತ್ತಿ ಸುಡುತ್ತಿದೆ. ಅಂಗಳ, ಹಿತ್ತಲಗಳಲ್ಲಿ ಹಸಿರು ಅಂಬೋದೇ ಕಾಣುವುದಿಲ್ಲ. ಈ ಹೊತ್ತಿನಲ್ಲಿ ಅಂಗಳದ ಕಸದ ಮಾತು ತೆಗೆದರೆ "ಇಲ್ಲದ ಕಸ ಏನ್ ಕೀಳೂದ್ರಿ?" ಎಂದು ನಗುವವರೇ ಬಹಳ. ಆದರೆ ಮಿರಗದ ಮಳೆ ಬಿದ್ದು ತಿಂಗಳೊಪ್ಪತ್ತಿಗೆ ಅದೇ ಅಂಗಳದಲ್ಲಿ ಮೊಣಕಾಲುದ್ದ ಕಸ ನಿಂತಿರುತ್ತದೆ. ಆಗ ಹೊಲದಲ್ಲಿ ತೊಗರಿ, ಉದ್ದಿನ ಬಿತ್ತಿಗೆ, ಎಡೆ ಹೊಡೆಯುವ ಕೆಲಸ. ಅಂಗಳಕ್ಕೆ ಆಳೂ ಸಿಗುವುದಿಲ್ಲ, ಮನೆಯವರಿಗೆ ಪುರುಸೊತ್ತೂ ಇರುವುದಿಲ್ಲ.

ಹೀಗಾಗಿ ಮನೆಯಂಗಳದ ಕಸದ ಲೆಕ್ಕ ತೀರುವುದು ಆಷಾಢದಲ್ಲಲ್ಲ, ಈಗಿನ ಎರಡು ತಿಂಗಳು ಮತ್ತು ಮಳೆ ಬಿದ್ದ ಮೊದಲ ಮೂರು ವಾರದಲ್ಲಿ. ಇನ್ನೊಂದು ಮಾತು: ಕಸ ಕಿತ್ತು ನೆಲವನ್ನು ಬರಿದಾಗಿ ಬಿಟ್ಟರೆ ಅದು ಮತ್ತೆ ಕಸಕ್ಕೇ ಜಾಗ ಮಾಡಿಕೊಟ್ಟಂತೆ. ಕಿತ್ತ ಜಾಗದಲ್ಲಿ ನಮಗೆ ಬೇಕಾದದ್ದನ್ನು ಬೆಳೆಸಬೇಕು.

ಒಂದು ಕಸ, ಹಲವು ಹೆಸರು

ಎಲ್ಲಕ್ಕಿಂತ ಕೆಟ್ಟದ್ದು ಕಾಂಗ್ರೆಸ್ ಕಸ, ಪುಸ್ತಕದ ಭಾಷೆಯಲ್ಲಿ ಪಾರ್ಥೇನಿಯಂ. ಮೂಲ ಊರು ಅಮೆರಿಕ ಖಂಡ. 1950ರ ದಶಕದ ನಡುವೆ ಪುಣೆಯಲ್ಲಿ ಇದನ್ನು ಗುರುತಿಸಿದರು. ಹೊರದೇಶದ ಗೋದಿಯ ಜೊತೆ ಬಂತು ಎಂಬ ಮಾತು ಎಲ್ಲ ಕಡೆ ಇದೆ. ಆಮೇಲೆ ರೈಲು ಹಳಿ, ಲಾರಿ ಗಾಲಿ, ಕಣಿಕಿ ಹೊರೆ, ತಿಪ್ಪೆ ಗೊಬ್ಬರದ ಜೊತೆ ಸೇರಿ ದೇಶವೆಲ್ಲ ಹಬ್ಬಿತು. ನಮ್ಮ ಕಡೆ ಕಾಂಗ್ರೆಸ್ ಕಸ ಅಂದರೆ, ಮರಾಠಿಯವರು ಎಲೆ ನೋಡಿ ಗಾಜರ ಗವತ ಅನ್ನುತ್ತಾರೆ. ಆದೋನಿ, ರಾಯದುರ್ಗ, ಮಡಕಶಿರಾ ಕಡೆ ತೆಲುಗಿನಲ್ಲಿ ವಯ್ಯಾರಿ ಭಾಮ. ಹೆಸರು ಯಾವುದಾದರೂ ಗುಣ ಒಂದೇ.

ಈ ಹೆಸರಿನ ಗೊಂದಲದಿಂದ ನಮ್ಮ ಮನೆಯಲ್ಲೇ ಒಂದು ಪ್ರಸಂಗ ನಡೆಯಿತು. ಇಂಡಿ ತಾಲೂಕಿನಲ್ಲಿರುವ ನಮ್ಮ ಕಾಕಾ ಅವರಿಗೆ ಮುಖ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ತುರಿಕೆ ಹತ್ತಿತ್ತು. ಚರ್ಮ ಕಪ್ಪಿಟ್ಟು ದಪ್ಪಾಗಿ, ಬಿಸಿಲಿಗೆ ಹೋದರೆ ಉರಿ. ಸೋಲಾಪುರದ ಡಾಕ್ಟರರಿಗೆ ತೋರಿಸಿದೆವು. ಅವರು ಮರಾಠಿಯಲ್ಲಿ, ಇದು ಗಾಜರ ಗವತದ ಬಾಧೆ, ಅದರಿಂದ ದೂರ ಇರ್ರಿ ಅಂದರು. ಕಾಕಾ ಅವರ ಕಿವಿಗೆ ಬಿದ್ದದ್ದು 'ಗಾಜರ' ಒಂದೇ. ಮನೆಗೆ ಹೋಗಿ ಗಜ್ಜರಿ ತಿನ್ನುವುದನ್ನು ಬಿಟ್ಟರು. ತಿಂಗಳಾದರೂ ತುರಿಕೆ ಇಳಿಯಲಿಲ್ಲ. ಆಮೇಲೆ ನಾನೇ ಹೋಗಿ ಅವರ ಹಿತ್ತಲ ನೋಡಿದೆ. ದನ ಕಟ್ಟುವ ಜಾಗದಿಂದ ಬಚ್ಚಲ ತನಕ ಎದೆಮಟ್ಟದ ಬಿಳಿ ಹೂವು! "ಕಾಕಾ, ಡಾಕ್ಟರ್ ಹೇಳಿದ್ದು ಇದನ್ನ್ರಿ, ಗಜ್ಜರಿ ಅಲ್ಲ" ಅಂದಾಗ ಅವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಿತ್ತಲ ಸ್ವಚ್ಛ ಮಾಡಿಸಿ, ಔಷಧ ನಡೆಸಿ, ಉದ್ದ ತೋಳಿನ ಅಂಗಿ ಹಾಕುವ ರೂಢಿ ಮಾಡಿದ ಮೇಲೆ ಬಾಧೆ ತಗ್ಗಿತು. ಪೂರ್ತಿ ಹೋಗಿಲ್ಲ. ಒಮ್ಮೆ ಮೈಗೆ ಒಗ್ಗದಂತಾದರೆ ಆ ಕಸದ ಸಣ್ಣ ಧೂಳೂ ಸಾಕಾಗುತ್ತದೆ.

ಈ ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಚರ್ಮಕ್ಕೆ ಬಾಧಕ. ಪರಾಗ ಮೂಗಿಗೆ ಹೋದರೆ ಸೀನು, ನೆಗಡಿ, ಕೆಲವರಿಗೆ ಉಬ್ಬಸ. ಮೇವಿನ ಜೊತೆ ಎಮ್ಮೆ, ಆಕಳು ತಿಂದರೆ ಹಾಲು ಕಹಿಯಾಗುತ್ತದೆ. ಡೇರಿಗೆ ಹಾಲು ಹಾಕುವವರಿಗೆ ಇದು ನೇರ ನಷ್ಟ.

ಹೂ ಬಿಡುವ ಮೊದಲು

ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಮೊಳೆತು ನಾಲ್ಕರಿಂದ ಆರು ವಾರಕ್ಕೆ ಹೂ ಕಾಣಿಸುತ್ತದೆ. ಅಂದರೆ ಮಿರಗ ಜೂನ್ ಮೊದಲ ವಾರ ಹೊಕ್ಕರೆ ಜುಲೈ ಮೊದಲ ವಾರದೊಳಗೆ ಕಿತ್ತಿರಬೇಕು. ಬೇಸಿಗೆಯಲ್ಲಿ ನಡುವೆ ಅಡ್ಡಮಳೆ ಬಿದ್ದರೆ ಆಗಲೇ ಒಂದು ಫಸಲು ಏಳುತ್ತದೆ. ಅದನ್ನು ಬಿಡದೆ ತೆಗೆದರೆ ಮುಂದಿನ ಹೊರೆ ಅಷ್ಟು ಇಳಿದಂತೆ.

ಕೀಳುವ ರೀತಿ ಹೀಗೆ. ಮಳೆ ಬಂದು ನೆಲ ಹಸಿ ಇದ್ದಾಗ ಬೇರು ಸಮೇತ ಎಳೆಯಿರಿ. ಕುಡುಗೋಲಿನಿಂದ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬರಿಗೈಯಿಂದ ಮುಟ್ಟಬೇಡಿ. ಗ್ಲೌಸ್ ಇಲ್ಲದಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ, ಮೂಗಿಗೆ ವಸ್ತ್ರ ಸುತ್ತಿಕೊಳ್ಳಿ. ತುರಿಕೆ, ಉಬ್ಬಸ ಇರುವವರನ್ನು ಈ ಕೆಲಸಕ್ಕೆ ಹಚ್ಚಲೇಬಾರದು. ಹೂ ಬಿಡದ ಗಿಡವನ್ನು ಗೊಬ್ಬರ ಗುಂಡಿಗೆ ಹಾಕಬಹುದು. ಹೂ ಬಿಟ್ಟದ್ದನ್ನು ಹಾಕಿದರೆ ಮುಂದಿನ ವರ್ಷ ಹೊಲಕ್ಕೂ ಅದೇ ಬೀಜ ಹೋಗುತ್ತದೆ.

ಮಳೆಗಾಲದಲ್ಲಿ ಈ ಗಿಡದ ಮೇಲೆ ಬಿಳಿ ಮೈಗೆ ಕಂದು ಗೆರೆಯ ಸಣ್ಣ ಜೀರುಂಡೆ ಕಂಡರೆ ಕೊಲ್ಲಬೇಡಿ. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳವದು. 1990ರ ದಶಕದ ಆರಂಭದಲ್ಲಿ ಇದು ಸೂರ್ಯಕಾಂತಿಯನ್ನೂ ತಿನ್ನುತ್ತದೆ ಎಂದು ದೊಡ್ಡ ಗುಲ್ಲೆದ್ದಿತ್ತು. ಪರಿಶೀಲನೆ ನಡೆದು ಸೂರ್ಯಕಾಂತಿಗೆ ಅಂಥ ಭಯವಿಲ್ಲ ಎಂದು ತೀರ್ಮಾನವಾಯಿತು. ಆದರೆ ಹುಳವನ್ನೇ ನಂಬಿ ಕೂಡಬಾರದು. ಅದು ಬೇಸಿಗೆಯಲ್ಲಿ ಮಣ್ಣೊಳಗೆ ಮಲಗಿ, ಮಳೆ ಜೋರಾದ ಮೇಲೆ ಏಳುತ್ತದೆ.

ಜೇಕು ಮತ್ತು ನೆಗ್ಗಿಲು

ಜೇಕಿನ ಜೀವ ಇರುವುದು ಗಡ್ಡೆಯಲ್ಲಿ. ಇದನ್ನು ದಕ್ಷಿಣದವರು ಕೊನ್ನಾರಿ, ತೆಲುಗಿನವರು ತುಂಗ, ತಮಿಳಿನವರು ಕೋರೈ, ಮರಾಠಿಯವರು ಲವ್ಹಾಳಾ ಅನ್ನುತ್ತಾರೆ. ಮೇಲಿನ ಹುಲ್ಲು ಎಷ್ಟು ಕಿತ್ತರೂ ಕೆಳಗೆ ಗಡ್ಡೆಯ ಸರಪಳಿ ಹಾಗೇ ಇರುತ್ತದೆ. ಇದಕ್ಕೆ ಈಗಿನ ಬಿಸಿಲೇ ಮದ್ದು. ನೆಲ ಅಗೆದು ಗಡ್ಡೆ ಮೇಲೆ ಬರುವಂತೆ ತಿರುವಿ ಹಾಕಿ, ಎರಡು ವಾರ ಒಣಗಲು ಬಿಟ್ಟು, ಮತ್ತೊಮ್ಮೆ ತಿರುವಿ. ಸಿಕ್ಕ ಗಡ್ಡೆ ಬುಟ್ಟಿಗೆ ಆರಿಸಿ. ಒಂದೇ ವರ್ಷದಲ್ಲಿ ಮುಗಿಯುವ ಕೆಲಸವಲ್ಲ, ಎರಡು ಮೂರು ಬೇಸಿಗೆ ಬೇಕು. ಜೇಕಿಗೆ ನೆರಳು ಆಗಿಬರುವುದಿಲ್ಲ. ಮಳೆಗಾಲದಲ್ಲಿ ಅದೇ ಜಾಗಕ್ಕೆ ಅವರೆ, ಕುಂಬಳ, ಹೀರೆಯ ಬಳ್ಳಿ ಹಬ್ಬಿಸಿದರೆ ಅದು ಸೊರಗುತ್ತದೆ.

ನೆಗ್ಗಿಲ ಮುಳ್ಳು ಬರಿಗಾಲಿನ ಮಕ್ಕಳಿಗೆ ಶತ್ರು. ಮರಾಠಿಯ ಸರಾಟಾ, ತೆಲುಗಿನ ಪಲ್ಲೇರು ಇದೇ. ನೆಲಕ್ಕೆ ಹತ್ತಿ ಸುತ್ತ ಹರಡಿದರೂ ಬೇರು ನಟ್ಟನಡುವೆ ಒಂದೇ. ಹಳದಿ ಹೂ ಕಂಡ ಕೂಡಲೇ ಕುರ್ಪಿಯಿಂದ ನಡು ಬೇರು ಕತ್ತರಿಸಿ ಎತ್ತಿದರೆ ಪೂರ್ತಿ ಬಳ್ಳಿ ಕೈಗೆ ಬರುತ್ತದೆ. ಈಗ ಒಣಗಿ ಬಿದ್ದ ಮುಳ್ಳುಗಳನ್ನು ಗುಡಿಸಿ ಸುಡುವುದು ಬೇಸಿಗೆಯ ಕೆಲಸ. ಹಳೇ ಗೋಣಿಚೀಲ ನೆಲದ ಮೇಲೆ ಎಳೆದರೆ ಮುಳ್ಳು ಅದಕ್ಕೆ ಚುಚ್ಚಿಕೊಂಡು ಬರುತ್ತವೆ.

ಕಿತ್ತದ್ದೆಲ್ಲ ಕಸವೂ ಅಲ್ಲ. ಗೋಳಿ ಸೊಪ್ಪು, ಕಿರಕಸಾಲಿ ತಾವಾಗೇ ಬಂದರೆ ರೊಟ್ಟಿ ಜೊತೆ ಪಲ್ಯ ಆಗುತ್ತದೆ. ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ನಾನು ಹೇಳಿಕೊಡುವ ಅಗತ್ಯವಿಲ್ಲ.

ಕರಿಕಿಯ ಹಾಸು

ಸೋಲಾಪುರದ ಹೊಸ ಬಂಗಲೆಗಳಲ್ಲಿ ವ್ಯಾಪಾರಿ ಮಿತ್ರರು ಈಗ ಮನೆ ಮುಂದೆ ಲಾನ್ ಮಾಡಿಸುತ್ತಾರೆ. ದುಬಾರಿ ಹುಲ್ಲಿನ ಹಾಸು ತಂದು ಹೊದಿಸಿ, ಬೇಸಿಗೆಗೆ ಟ್ಯಾಂಕರ್ ನೀರು ಹಾಕುವವರನ್ನೂ ನೋಡಿದ್ದೇನೆ. ನಮ್ಮ ಹವೆಗೆ ಗಣಪ್ಪಗ ಏರಿಸುವ ಕರಿಕಿಗಿಂತ ಗಟ್ಟಿ ಹುಲ್ಲಿಲ್ಲ. ಹೊರದೇಶದವರು ಬರ್ಮುಡಾ ಹುಲ್ಲು ಎಂದು ಕರೆದು ಆಟದ ಮೈದಾನಕ್ಕೆ ಹಾಕುವುದೂ ಇದೇ ಜಾತಿಯನ್ನು. ಹೊಲದಲ್ಲಿ ಅದು ವೈರಿ, ಅಂಗಳದಲ್ಲಿ ನೆಂಟ. ಹೊಲದ ಒಡ್ಡಿಗೆ ಹತ್ತಿದ ಮನೆಯಾದರೆ ಮಾತ್ರ ನಡುವೆ ಕಲ್ಲಿನ ಅಂಚು ಕಟ್ಟಿ.

ಈಗ ಕಲ್ಲು, ಗಡ್ಡೆ ತೆಗೆದು ನೆಲ ಸಮ ಮಾಡಿ, ಪೂರ್ತಿ ಕೊಳೆತ ಗೊಬ್ಬರವನ್ನು ಜರಡಿ ಹಿಡಿದು ಬೆರೆಸಿ. ಹಸಿ ತಿಪ್ಪೆ ಗೊಬ್ಬರ ಹಾಕಿದರೆ ಕಸದ ಬೀಜವನ್ನೇ ಬಿತ್ತಿದಂತೆ. ಒಮ್ಮೆ ನೀರು ಕೊಟ್ಟು, ಮೊಳೆತ ಕಸವನ್ನು ಕೆರೆದು ಹಾಕಿ. ಮಳೆ ಹಿಡಿದ ಮೇಲೆ ಬೇರು ಇರುವ ಕರಿಕಿ ತುಂಡುಗಳನ್ನು ನಾಲ್ಕು ಇಂಚಿಗೊಂದರಂತೆ ಊರಿ. ಹಳೇ ಹಾಸಿದ್ದರೆ ಬುಡಕ್ಕೆ ಬೋಳಿಸಬೇಡಿ. ಒಂದೂವರೆ ಇಂಚು ಉಳಿಸಿ ಕತ್ತರಿಸಿದರೆ ನೆಲಕ್ಕೆ ನೆರಳಾಗಿ ಕಸ ಏಳುವುದಿಲ್ಲ. ದಿನಾ ಚಿಮುಕಿಸುವುದಕ್ಕಿಂತ ವಾರಕ್ಕೊಮ್ಮೆ ಚೆನ್ನಾಗಿ ನೆನೆಸುವುದು ಮೇಲು, ಬೇರು ಆಳಕ್ಕೆ ಇಳಿಯುತ್ತದೆ.

ಬೇಲಿ ಬದಿ, ತಿಪ್ಪೆ ಸುತ್ತ ಹುಲ್ಲು ಬೇಡವೆಂದರೆ ತಗಚಿ ಬೀಜ ಚೆಲ್ಲಿ. ಮರಾಠಿಯ ಟಾಕಳಾ ಅದೇ. ಅದು ದಟ್ಟಾಗಿ ಎದ್ದಲ್ಲಿ ಕಾಂಗ್ರೆಸ್ ಕಸ ಹಿಂದೆ ಸರಿಯುತ್ತದೆ. ಚೆಂಡು ಹೂ ಹಾಕಿದರೂ ಆದೀತು, ದಸರೆ ದೀಪಾವಳಿಗೆ ನಾಲ್ಕು ಕಾಸೂ ಬರುತ್ತದೆ.

ಬಾಟಲಿಯ ಮೇಲಿನ ಬಣ್ಣ

"ಇಷ್ಟೆಲ್ಲ ಯಾಕ್ರಿ, ಒಂದು ಬಾಟ್ಲಿ ಔಷಧ ಹೊಡದ್ರ ಮುಗೀತು" ಅನ್ನುವವರಿಗೆ ನನ್ನ ಮಾತು ಇಷ್ಟೆ. ಅಂಗಳದಲ್ಲಿ ಮಕ್ಕಳು ಆಡುತ್ತಾರೆ, ಕೋಳಿ ಮೇಯುತ್ತವೆ, ಹಪ್ಪಳ ಸಂಡಿಗೆ ಒಣಗುತ್ತದೆ. ಕಳೆನಾಶಕ ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿಮದ್ದೇ ಇಲ್ಲ. ಗ್ಲೈಫೋಸೇಟ್ ಕುರಿತು ಕೇಂದ್ರ ಸರ್ಕಾರವೇ 2022ರ ಅಕ್ಟೋಬರ್‌ನಲ್ಲಿ, ಪರವಾನಗಿ ಪಡೆದ ಕೀಟ ನಿಯಂತ್ರಣದವರ ಮೂಲಕವಲ್ಲದೆ ಬಳಸಬಾರದೆಂದು ಅಧಿಸೂಚನೆ ಹೊರಡಿಸಿತು. ಉಪ್ಪು ನೀರು ಹೊಡೆದರೂ ಕಾಂಗ್ರೆಸ್ ಕಸ ಸಾಯುತ್ತದೆ ನಿಜ. ಆದರೆ ನಮ್ಮ ಎರೆ ಮಣ್ಣಿನಲ್ಲಿ ಉಪ್ಪು ನಿಂತು, ಆಮೇಲೆ ಬೇವು ಕರಿಬೇವಿಗೂ ಕಷ್ಟ. ರಸ್ತೆ ಬದಿಗೆ ಆದೀತು, ಹಿತ್ತಲಕ್ಕೆ ಬೇಡ.

ಗಡಿ ಭಾಗದವರಿಗೆ ಇನ್ನೊಂದು ತೊಡಕು ಇದೆ. ಔಷಧದ ಚೀಟಿಯಲ್ಲಿ ಇಂಗ್ಲಿಷ್, ಹಿಂದಿ, ಜೊತೆಗೆ ಮಾರುವ ಸೀಮೆಯ ಭಾಷೆ ಇರುತ್ತದೆ. ಅಂದರೆ ನಮ್ಮಲ್ಲಿ ಮರಾಠಿ, ಆದೋನಿಯಲ್ಲಿ ತೆಲುಗು, ತಾಳವಾಡಿಯಲ್ಲಿ ತಮಿಳು. ಕನ್ನಡ ಮಾತ್ರ ಓದಬಲ್ಲ ಮನೆಯ ಹಿರಿಯರಿಗೆ ಅದು ಬರಿ ಕಾಗದ. ಆದರೆ ಬಾಟಲಿಯ ಮೇಲಿನ ಬಣ್ಣದ ಗುರುತಿಗೆ ಯಾವ ಭಾಷೆಯೂ ಬೇಡ. ಕೆಂಪು ಅಂದರೆ ಅತಿ ವಿಷ, ಹಳದಿ ಅದಕ್ಕಿಂತ ತುಸು ಕಡಿಮೆ, ನೀಲಿ ಮಧ್ಯಮ, ಹಸಿರು ಅಲ್ಪ. ಇದನ್ನು ಮನೆಯ ಎಲ್ಲರಿಗೂ ಹೇಳಿಡಿ. ಹೊಲಕ್ಕೆ ತಂದ ಔಷಧವನ್ನು ಕುಡಿಯುವ ನೀರಿನ ಬಾಟಲಿಗೆ ಸುರುವಿಡುವ ಚಟ ಇದ್ದರೆ ಇವತ್ತೇ ಬಿಡಿಸಿ.

ಓಣಿಯ ಕೆಲಸ

ಒಬ್ಬರ ಅಂಗಳ ಸ್ವಚ್ಛ ಇದ್ದು ಪಕ್ಕದ ಪಾಳು ಜಾಗದಲ್ಲಿ ಬಿಳಿ ಹೂ ನಿಂತರೆ ಬೀಜ ಗಾಳಿಗೆ, ನೀರಿಗೆ ಮತ್ತೆ ಬರುತ್ತದೆ. ನಮ್ಮ ಓಣಿಯಲ್ಲಿ ಮೂರು ಮಳೆಗಾಲದಿಂದ, ಮಳೆ ಬಿದ್ದ ಮೂರನೇ ರವಿವಾರ ಮನೆಗೊಬ್ಬರಂತೆ ಸೇರಿ ಶಾಲೆಯ ಸುತ್ತ, ಬಾವಿ ಹಾದಿ, ಗುಡಿ ಹಿಂದಿನ ಜಾಗ ಕೀಳುತ್ತೇವೆ. ಎರಡು ತಾಸಿನ ಕೆಲಸ. ಮೊದಲ ವರ್ಷ ಎರಡು ಟ್ರ್ಯಾಕ್ಟರ್ ತುಂಬಿತ್ತು, ಹೋದ ವರ್ಷ ಒಂದು ಚಕ್ಕಡಿ ತುಂಬಲಿಲ್ಲ. ನಿಮ್ಮ ಊರಿನಲ್ಲೂ ರವಿವಾರ ಗೊತ್ತುಮಾಡಿರಿ. ಗುದ್ದಲಿ, ಕುರ್ಪಿ ಈಗಲೇ ಹಣಿಸಿ ಇಟ್ಟುಕೊಳ್ಳಿರಿ. ಮಿರಗ ಬಂದ ಮೇಲೆ ಬಡಿಗೇರ, ಕಂಬಾರರ ಮನೆ ಮುಂದೆ ಸರದಿ ಹತ್ತುತ್ತದೆ.